ಹಸಿರು ಬಂದ ಮೇಲೆ

ಡಾಕ್ಟರ್ ತ್ರಿವೇಣಿಗೆ ಊಹೆ ಎಂದರೆ ಮೈ ಉರಿಯುತ್ತಿತ್ತು. ಸುಮ್ಮನೆ ಅಲ್ಲ. ಕೋಲಾರದ ಆಸ್ಪತ್ರೆಯೊಂದರಲ್ಲಿ ಅವಳು ಕರುಳಿನ ಕಾಯಿಲೆಗಳ ತಜ್ಞೆ. ಸುತ್ತಲ ತಾಲ್ಲೂಕುಗಳಿಂದ ಬರುವ ರೋಗಿಗಳಲ್ಲಿ ಮುಕ್ಕಾಲು ಪಾಲು ಜನ ಯಾವುದೋ ವೈದ್ಯರ ಊಹೆಗೆ ಸಿಕ್ಕಿ ಸೋತು ಸುಣ್ಣವಾಗಿಯೇ ಅವಳ ಹತ್ತಿರ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರದು ದೊಡ್ಡ ಕರುಳಿನ ಒಳಮೈಯಲ್ಲಿ ಹುಣ್ಣೆದ್ದು ರಕ್ತ ಸೋರುವ ಕಾಯಿಲೆ. ಪೂರ್ತಿ ಬಿಟ್ಟುಹೋಗುವುದಿಲ್ಲ, ಆದರೆ ಹೊತ್ತಿಗೆ ಸರಿಯಾಗಿ ತಕ್ಕ ಮದ್ದು ಬಿದ್ದರೆ ಅಡಗಿ ಕೂರುತ್ತದೆ. ನಮ್ಮ ಕಡೆ ಅದನ್ನು ಒಬ್ಬರು ಮೂಲವ್ಯಾಧಿ ಅಂದರು, ಇನ್ನೊಬ್ಬರು ಆಮಶಂಕೆ ಅಂದರು, ಮತ್ತೊಬ್ಬರು ಏನೂ ಅನ್ನದೆ ಸ್ಟೀರಾಯ್ಡ್ ಮಾತ್ರೆಯನ್ನು ಕಡಲೆಪುರಿಯ ಹಾಗೆ ಬರೆದುಕೊಟ್ಟರು. ಹಾಗೆ ಬರೆಸಿಕೊಂಡು ಬಂದವರ ಮೂಳೆ ಸವೆದದ್ದನ್ನೂ ಕರುಳು ಕೊಳೆತದ್ದನ್ನೂ ನೋಡಿ ನೋಡಿ ಅವಳಿಗೆ ರೋಸಿಹೋಗಿತ್ತು.

ಆದ್ದರಿಂದ ಈ ಕಾಯಿಲೆಗೆ ಚಿಕಿತ್ಸೆ ತೀರ್ಮಾನಿಸಲು ನೆರವಾಗುವ ಒಂದು ಆ್ಯಪ್ ಕೈಗೆ ಬಂದಾಗ ಅವಳು ಹೊಸ ಕಾರು ಕೊಂಡವರ ಹಾಗೆ ಅದನ್ನು ಊರೂರಿಗೆ ತೋರಿಸಲು ಹೊರಟಳು. ಮಾಲೂರು ಆಯಿತು, ಆಮೇಲೆ ಮುಳಬಾಗಿಲು. ವೈದ್ಯರ ಸಂಘದ ಮಹಡಿಯ ಮೇಲಿನ ಹಾಲ್‌ನಲ್ಲಿ ಊರಿನ ವೈದ್ಯರೆಲ್ಲ ಬೋಂಡ ಕಾಫಿ ಮುಗಿಸಿ ಮೊಬೈಲು ಹಿಡಿದು ಕೂತರು. ಆ್ಯಪ್ ಪ್ರಶ್ನೆ ಕೇಳುತ್ತದೆ, ವೈದ್ಯರು ಅದನ್ನು ರೋಗಿಗೆ ಕೇಳಿ ಉತ್ತರ ಒತ್ತಬೇಕು. ಕೊನೆಗೆ ಪರದೆಯ ಮೇಲೆ ಒಂದು ಬಣ್ಣ ಬರುತ್ತದೆ. ಹಸಿರು ಬಂದರೆ ಇರುವ ಮದ್ದೇ ಸಾಕು. ಹಳದಿ ಬಂದರೆ ಮದ್ದು ಬದಲಿಸಬೇಕು. ಕೆಂಪು ಬಂದರೆ ಅವತ್ತೇ ಕೋಲಾರಕ್ಕೆ ಕಳಿಸಬೇಕು.

"ಒಂದೇ ಒಂದು ನಿಯಮ," ಎಂದಳು ತ್ರಿವೇಣಿ. "ರೋಗಿ ಹೇಳಿದ್ದನ್ನ ಒತ್ತಿ. ನಿಮಗೆ ಅನ್ನಿಸಿದ್ದನ್ನ ಒತ್ತಬೇಡಿ. ಮುಖ ನೋಡಿ ಮಣೆ ಹಾಕೋ ಹಂಗೆ ಮುಖ ನೋಡಿ ಮಾತ್ರೆ ಕೊಟ್ಟಿದ್ದು ಸಾಕು."

ಬಸ್ ಸ್ಟ್ಯಾಂಡಿನ ಎದುರು ತಲೆ ನೆರೆಯುವ ತನಕ ಪ್ರಾಕ್ಟೀಸು ಮಾಡಿದ್ದ ಚನ್ನರಾಯಪ್ಪ ಹಿಂದಿನ ಸಾಲಿನಿಂದ ಕೈಯೆತ್ತಿದರು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತಲ್ಲ ಮೇಡಂ? ಅವ್ರು ಸುಳ್ಳು ಹೇಳಿದ್ರೆ?"

"ಹೊಟ್ಟೆನೋವು ತಗೊಂಡು ಬಂದೋರು ಯಾಕೆ ಸಾರ್ ಸುಳ್ಳು ಹೇಳ್ತಾರೆ? ನಾವು ಸುಳ್ಳು ಕೇಳಿಸ್ಕೊಳ್ತೀವಿ, ಅಷ್ಟೇ."

ಹಾಲ್ ನಕ್ಕಿತು. ಚನ್ನರಾಯಪ್ಪನವರೂ ನಕ್ಕು ಸುಮ್ಮನಾದರು. ಮುಂದಿನ ಸಾಲಿನಲ್ಲಿ ಕೂತಿದ್ದ ಭೀಮರಾಜ್ ಮಾತ್ರ ನಗಲಿಲ್ಲ. ಓದು ಮುಗಿಸಿ ಬಂದು ಊರಿನಲ್ಲೇ ಚಿಕ್ಕದೊಂದು ಕ್ಲಿನಿಕ್ ತೆರೆದಿದ್ದ ಹುಡುಗ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಅಂಥವರನ್ನು ಕಂಡರೆ ಮೇಷ್ಟರುಗಳಿಗೆ ಇಷ್ಟ, ತ್ರಿವೇಣಿಗೂ ಇಷ್ಟವಾದ. ಸಂದೇಹ ಬಂದರೆ ಯಾವಾಗ ಬೇಕಾದರೂ ಫೋನ್ ಮಾಡು ಎಂದು ತನ್ನ ನಂಬರು ಕೊಟ್ಟಳು.

ಭೀಮರಾಜನ ಕ್ಲಿನಿಕ್ಕಿಗೆ ಬರುತ್ತಿದ್ದವರಲ್ಲಿ ಗಂಗಾಲಕ್ಷ್ಮಿ ಎಂಬ ಹುಡುಗಿ ಒಬ್ಬಳು. ಮುಳಬಾಗಿಲಿನಿಂದ ಆಂಧ್ರದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯ ಸೊಸೆ. ಮದುವೆಯಾದ ವರ್ಷ ತವರಿಗೆ ಹೋಗಿದ್ದಾಗ ಕೋಲಾರದಲ್ಲಿ ಕೊಳವೆ ಹಾಕಿ ನೋಡಿ ಕಾಯಿಲೆ ಇದೇ ಎಂದು ಗೊತ್ತುಮಾಡಿದ್ದರು. ಗಂಡನ ಮನೆಗೆ ತಿಳಿದದ್ದು ಹೊಟ್ಟೆಹುಣ್ಣು ಎಂದಷ್ಟೇ. ಮದ್ದಿಗೆ ಅಡಗಿದ್ದ ಕಾಯಿಲೆ ಈ ಬೇಸಿಗೆಯಲ್ಲಿ ಮತ್ತೆ ಎದ್ದಿತ್ತು, ಅವಳು ಹಳೆಯ ಚೀಟಿಯ ಸ್ಟೀರಾಯ್ಡ್ ಮಾತ್ರೆಯನ್ನೇ ನುಂಗುತ್ತಿದ್ದಳು. ಅವಳಿಗೆ ರಕ್ತ ಹೋಗುತ್ತಿತ್ತು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಈ ಕತೆಯಲ್ಲಿ ಹೊತ್ತಿಗೆ ಸರಿಯಾಗಿ ಇದನ್ನು ಬಾಯಿಬಿಟ್ಟು ಹೇಳುವವರು ಬೇರೆ ಯಾರೂ ಇಲ್ಲ.

ಹುಳು ಸಾಕುವ ಮನೆಗಳ ಸಂಗತಿ ಗೊತ್ತಿರುವವರಿಗೆ ಕಾರಣ ಹೇಳಬೇಕಾಗಿಲ್ಲ. ಮುಟ್ಟಾದ ಹೆಂಗಸು ಹುಳುಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಅವಳ ಗಾಳಿ ಸೋಕಿದರೂ ಹುಳು ಕೆಡುತ್ತದೆ ಎಂದು ನಂಬಿಕೆ. ರಕ್ತ ಎಲ್ಲಿಂದ ಬಂದರೇನು, ರಕ್ತ ರಕ್ತವೇ. ಹೋದ ಸಲ ಆ ಮನೆಯ ಬೆಳೆಗೆ ಸುಣ್ಣಕಟ್ಟು ರೋಗ ತಗುಲಿ, ಮೇಯುತ್ತಿದ್ದ ಹುಳುಗಳೆಲ್ಲ ಬೆಳ್ಳಗೆ ಬಿರುಸಾಗಿ ಬಳಪದ ಚೂರುಗಳ ಹಾಗೆ ಉದುರಿದ್ದವು. ಮಾವ ಕದಿರಪ್ಪ ಅವನ್ನೆಲ್ಲ ಗುಂಡಿಗೆ ಹಾಕಿಸಿ, ಮನೆಯ ಹೆಂಗಸರನ್ನು ಅಂಗಳದಲ್ಲಿ ನಿಲ್ಲಿಸಿ, "ಯಾರಿಂದ ಮೈಲಿಗೆ ಆಯ್ತು ಅಂತ ಒಂದಲ್ಲ ಒಂದಿನ ತಿಳೀತದೆ. ತಿಳಿದ ದಿನ ಅವ್ಳು ಈ ಮನೇಲಿರಲ್ಲ" ಎಂದಿದ್ದ. ಗಂಗಾಲಕ್ಷ್ಮಿ ತಲೆ ತಗ್ಗಿಸಿ ನಿಂತಿದ್ದಳು. ಆಗಲೇ ಅವಳಿಗೆ ರಕ್ತ ಶುರುವಾಗಿತ್ತು. ಗಂಡ ಮುನಿಕೃಷ್ಣ ಒಳ್ಳೆಯವನೇ, ಆದರೆ ಅಪ್ಪನ ಎದುರು ಅವನ ಬಾಯಿಗೆ ಬೀಗ.

ಭೀಮರಾಜನ ಕ್ಲಿನಿಕ್ಕಿಗೆ ಅವಳನ್ನು ಕರೆತಂದದ್ದು ಅತ್ತೆ ಆಂಜಿನಮ್ಮ. ಕ್ಲಿನಿಕ್ ಎಂದರೆ ಒಂದು ಮೇಜು, ಒಂದು ಮಂಚ, ಬಾಗಿಲಿಗೊಂದು ಪರದೆ. ಪರದೆಯ ಆಚೆ ಬೆಂಚಿನ ಮೇಲೆ ಅಕ್ಕಪಕ್ಕದ ಹಳ್ಳಿಯವರೇ ಕೂತಿದ್ದರು. ಆಂಜಿನಮ್ಮ ಸೊಸೆಯ ಪಕ್ಕದ ಸ್ಟೂಲಿನಲ್ಲಿ ಗಟ್ಟಿಯಾಗಿ ಕೂತಳು.

"ದಿನಕ್ಕೆ ಎಷ್ಟು ಸಲ ಹೊರಗೆ ಹೋಗ್ತೀಯಮ್ಮ?" ಭೀಮರಾಜ್ ಕೇಳಿದ.

ಗಂಗಾಲಕ್ಷ್ಮಿ ಅತ್ತೆಯ ಮುಖ ನೋಡಿದಳು. "ಎರಡು ಮೂರು ಸಲ ಸಾರ್."

"ರಕ್ತ ಏನಾದ್ರೂ ಹೋಗ್ತದಾ?"

"ಅದೇಂ ಲೇದು ಸಾರ್," ಎಂದಳು ಆಂಜಿನಮ್ಮ, ಅವಳು ಬಾಯಿ ತೆರೆಯುವ ಮೊದಲೇ. ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ ಆಡುವವರು, ಹೆದರಿದಾಗ ತೆಲುಗೇ ಮೊದಲು ಬರುತ್ತದೆ. "ಅಂಥದ್ದೇನೂ ಇಲ್ಲ."

"ನೀನು ಹೇಳಮ್ಮ."

"ಇಲ್ಲ ಸಾರ್," ಎಂದಳು ಗಂಗಾಲಕ್ಷ್ಮಿ.

ಅವನು 'ಇಲ್ಲ' ಒತ್ತಿದ. ಒತ್ತಿದ ಕೂಡಲೇ ಕೆಳಗಿದ್ದ ಪ್ರಶ್ನೆಗಳು ಮಾಯವಾಗಿ ಮೊಬೈಲಿನ ಪರದೆ ಹಸಿರಾಯಿತು. ಆದರೆ ಅವನ ಎಡಗೈ ಆಗಲೇ ಅವಳ ನಾಡಿ ಹಿಡಿದಿತ್ತು, ನಾಡಿ ಓಡುತ್ತಿತ್ತು. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದ, ಬಿಳಿಚಿಕೊಂಡಿತ್ತು. ಅವನು ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ ತ್ರಿವೇಣಿಗೆ ಫೋನ್ ಮಾಡಿದ.

"ಮೇಡಂ, ಪಲ್ಸ್ ಜಾಸ್ತಿ ಇದೆ. ಅದನ್ನ ಎಲ್ಲಿ ಹಾಕೋದು? ಜಾಗಾನೇ ತೋರಿಸ್ತಿಲ್ಲ."

"ರಕ್ತ ಹೌದು ಅಂದ್ರೆ ಮಾತ್ರ ಅದು ಪಲ್ಸ್ ಕೇಳುತ್ತೆ ಭೀಮರಾಜ್. ಏನಂದ್ಲು?"

"ಇಲ್ಲ ಅಂದ್ಲು. ಆದ್ರೆ ನೋಡಿದ್ರೆ ನನಗೇನೋ ಅನ್ಸುತ್ತೆ..."

"ಬಿಸಿಲಲ್ಲಿ ಬಸ್ಸಿಗೆ ಓಡಿ ಬಂದಿರ್ತಾಳೆ. ಮತ್ತೆ ಶುರು ಮಾಡಿದ್ರಾ ಅನ್ಸೋದನ್ನ? ಬಣ್ಣ ಏನು?"

"ಹಸಿರು ಮೇಡಂ."

"ಮತ್ತೆ?"

ಅವನು ಒಳಗೆ ಬಂದು ಮೊಬೈಲನ್ನು ಇಬ್ಬರ ಕಡೆಗೂ ತಿರುಗಿಸಿದ. "ನೋಡಮ್ಮ, ಹಸಿರು ಬಂದಿದೆ. ಭಯ ಇಲ್ಲ. ಇದೇ ಮಾತ್ರೆ ನುಂಗು." ಆಂಜಿನಮ್ಮ ಆ ಹಸಿರನ್ನು ಬಹಳ ಹೊತ್ತು ನೋಡಿ ಮೊಬೈಲಿಗೇ ಕೈ ಮುಗಿದಳು. ಗಂಗಾಲಕ್ಷ್ಮಿಯ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡಿತು. ಮರುದಿನದಿಂದ ಅವಳು ಇನ್ನೂ ಹೆಚ್ಚಿನ ಧೈರ್ಯದಿಂದ ಹುಳುಮನೆಗೆ ಹೋಗಿ ಹಿಪ್ಪುನೇರಳೆ ಸೊಪ್ಪು ಹಾಕತೊಡಗಿದಳು.

ಮಾತ್ರೆಯೇನೋ ನುಂಗಿದಳು. ರಕ್ತ ನಿಲ್ಲಲಿಲ್ಲ. ಹಿತ್ತಿಲ ಕಕ್ಕಸಿಗೆ ಹೋಗಿ ಬಂದಾಗಲೆಲ್ಲ ಕೊಡಗಟ್ಟಲೆ ನೀರು ಸುರಿದು ಬರುವಳು. ಹುಳು ದೊಡ್ಡದಾಗುತ್ತ ಬಂದ ಹಾಗೆ ಮನೆಮಂದಿಗೆಲ್ಲ ಬಿಡುವಿಲ್ಲದ ಕೆಲಸ, ಯಾರು ಎಷ್ಟು ಸಲ ಹಿತ್ತಿಲಿಗೆ ಹೋದರು ಎಂದು ನೋಡುವವರಿಲ್ಲ. ಈ ಸಲ ಹುಳು ಚೆನ್ನಾಗಿತ್ತು. ಅವು ಸೊಪ್ಪು ಮೇಯುವ ಸದ್ದು ಮಳೆ ಹನಿದ ಹಾಗೆ ಹೊರಗಿನ ಜಗಲಿಗೂ ಕೇಳುತ್ತಿತ್ತು. ಕದಿರಪ್ಪ ಸೊಸೆಯ ಕೈಗುಣ ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಎರಡನೆಯ ಸಲ ಬಂದಾಗ ಅವಳು ಬಿರುಬಿಸಿಲಲ್ಲೂ ಸೆರಗು ಹೊದ್ದಿದ್ದಳು. ಹೊಟ್ಟೆ ಸ್ವಲ್ಪ ಉಬ್ಬಿತ್ತು. ಭೀಮರಾಜ್ ಆಂಜಿನಮ್ಮನನ್ನು ಹೊರಗೆ ಕೂರಲು ಹೇಳಿದ. ಆಕೆ ಅಲ್ಲಾಡಲಿಲ್ಲ.

"ನಾನೇನು ಹೊರಗಿನೋಳಾ ಸಾರ್? ಅತ್ತೆ ಕಣಪ್ಪ. ಕೇಳೋದು ನನ್ನ ಮುಂದೇನೇ ಕೇಳು."

ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಹಸಿರು. ಭೀಮರಾಜ್ ಒಮ್ಮೆ 'ಹೌದು' ಒತ್ತಿಬಿಡಲೇ ಎಂದು ಬೆರಳನ್ನು ಅಲ್ಲಿಯ ತನಕ ಒಯ್ದ. ಒತ್ತಿದರೆ ಅದು ಊಹೆ. ಊಹಿಸಬೇಡ ಎಂದು ಅಷ್ಟು ಜನರ ಮುಂದೆ ಹೇಳಿದವಳು ತ್ರಿವೇಣಿ. ಅವನು ಬೆರಳು ಹಿಂದಕ್ಕೆಳೆದು, ಬದಲಿಗೆ ರಕ್ತಪರೀಕ್ಷೆಯ ಚೀಟಿ ಬರೆದ.

"ಇವತ್ತೇ ಮಾಡಿಸಮ್ಮ."

"ಹುಳ ಹಣ್ಣಾಗ್ತಾ ಅವೆ ಸಾರ್," ಎಂದಳು ಆಂಜಿನಮ್ಮ. "ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಟ್ಟು ಬಂದ್ಬಿಡ್ತೀವಿ. ಹಸಿರು ಬಂದದಲ್ಲ, ಇನ್ನೇನು?"

ಹಸಿರು ತೋರಿಸಿದವನು ಅವನೇ. ಸಂಜೆ ತ್ರಿವೇಣಿಗೆ ಫೋನ್ ಮಾಡಿದ. ಅವಳು ಶ್ರೀನಿವಾಸಪುರದ ತರಬೇತಿಗೆ ತಯಾರಿ ಮಾಡಿಕೊಳ್ಳುತ್ತಿದ್ದಳು. ಹೊಟ್ಟೆ ಉಬ್ಬಿದೆ ಎಂದು ಕೇಳಿ, "ರಕ್ತ ಇಲ್ಲ ಅಂದ್ಲಾ? ಸರಿಯಾಗಿ ಕೇಳಿದ್ರಾ?" ಎಂದು ಎರಡು ಸಲ ಕೇಳಿದಳು. ಆಮೇಲೆ, "ವರದಿ ಬಂದ ಕೂಡಲೇ ನನಗೆ ಕಳಿಸಿ" ಎಂದು ಇಟ್ಟಳು. ಇಟ್ಟ ಮೇಲೆ ಅವಳಿಗೆ ಏನೋ ಕಸಿವಿಸಿ. ಊಟ ಸೇರಲಿಲ್ಲ. ಅದನ್ನು ಅವಳು ದಣಿವು ಎಂದು ಕರೆದಳು.

ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಬಿದಿರಿನ ಚಂದ್ರಿಕೆ ತಟ್ಟೆಗಳಿಗೆ ಹತ್ತಿಸುವ ದಿನ ರೇಷ್ಮೆ ಮನೆಯಲ್ಲಿ ಯಾರಿಗೂ ಉಸಿರಾಡಲು ಹೊತ್ತಿಲ್ಲ. ತಡವಾದರೆ ಹುಳು ಸಿಕ್ಕಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಗಂಗಾಲಕ್ಷ್ಮಿ ಬೆಳಗಿನಿಂದ ಬಗ್ಗಿ ಬಗ್ಗಿ ಹುಳು ಆರಿಸುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕರೆದರೆ ಬರಲಿಲ್ಲ. ಮುನಿಕೃಷ್ಣ ಒಳಗೆ ಹೋಗಿ ನೋಡಿದಾಗ ಎರಡು ಚಂದ್ರಿಕೆಗಳ ನಡುವೆ ಮಂಡಿ ಮಡಚಿ ಬಿದ್ದಿದ್ದಳು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಅವಳ ತೋಳ ಮೇಲೆ ಒಂದು ಹುಳು ಹರಿಯುತ್ತಿತ್ತು. ಆ ಸ್ಥಿತಿಯಲ್ಲೂ ಅವಳು ಅದನ್ನು ಬೆರಳಲ್ಲಿ ಎತ್ತಿ ಅವನ ಕೈಗೆ ಕೊಟ್ಟಳಂತೆ.

ತರಕಾರಿ ಸಾಗಿಸುವ ಟೆಂಪೋದಲ್ಲಿ ಮುಳಬಾಗಿಲಿಗೆ ತಂದರು. ಭೀಮರಾಜ್ ಹೊಟ್ಟೆ ಮುಟ್ಟಿದ್ದೇ ತಡ, ಕ್ಲಿನಿಕ್ ಹಾಗೆಯೇ ಬಿಟ್ಟು ಆಂಬುಲೆನ್ಸಿನಲ್ಲಿ ತಾನೂ ಹತ್ತಿದ. ಕೋಲಾರದ ಆಸ್ಪತ್ರೆಯ ಬಾಗಿಲಲ್ಲಿ ತ್ರಿವೇಣಿ ಕಾಯುತ್ತಿದ್ದಳು. ಕರುಳು ಹಿಗ್ಗಿ ಹಿಗ್ಗಿ ಒಡೆದಿತ್ತು. ನುಂಗುತ್ತಿದ್ದ ಸ್ಟೀರಾಯ್ಡ್ ನೋವನ್ನು ಮರೆಮಾಡಿತ್ತು, ಇಲ್ಲದಿದ್ದರೆ ಎಷ್ಟೋ ಮೊದಲೇ ಕಿರುಚಿಕೊಳ್ಳಬೇಕಾಗಿತ್ತು ಎಂದು ಶಸ್ತ್ರವೈದ್ಯರು ಕೈ ತೊಳೆಯುತ್ತಲೇ ಹೇಳಿದರು. ಆಪರೇಶನ್ ಕೋಣೆಗೆ ತಳ್ಳುವ ಮೊದಲು ತ್ರಿವೇಣಿ ಸ್ಟ್ರೆಚರಿನ ಮೇಲೆ ಬಾಗಿದಳು.

"ಗಂಗಾ, ರಕ್ತ ಹೋಗ್ತಿತ್ತಾ? ನಿಜ ಹೇಳಮ್ಮ. ಯಾರಿಗೂ ಹೇಳಲ್ಲ."

ಹುಡುಗಿಯ ತುಟಿ ಒಣಗಿ ಬಿರಿದಿತ್ತು. ಕಣ್ಣು ತ್ರಿವೇಣಿಯ ಹೆಗಲ ಮೇಲಿಂದ ಆಚೆ, ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ಹೋಯಿತು.

"ಇಲ್ಲ ಮೇಡಂ," ಎಂದಳು.

ಬಾಗಿಲು ಮುಚ್ಚಿತು. ಮುನಿಕೃಷ್ಣ ರಕ್ತದ ಬಾಟಲಿಗೆ ಓಡಿದ. ಕದಿರಪ್ಪ ಬಂದಿರಲಿಲ್ಲ. ಹುಳು ಬಿಟ್ಟು ಬರುವ ಹಾಗಿರಲಿಲ್ಲವಂತೆ. ಕಾರಿಡಾರಿನಲ್ಲಿ ಆಂಜಿನಮ್ಮ ನೆಲದ ಮೇಲೇ ಕೂತಳು. ಕುರ್ಚಿ ತೋರಿಸಿದರೂ ಏಳಲಿಲ್ಲ. ತ್ರಿವೇಣಿಗೆ ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟು ಯಾರ ಮೇಲೆ ಎಂದು ಅವಳಿಗೇ ಗೊತ್ತಿರಲಿಲ್ಲ, ಎದುರಿಗೆ ಸಿಕ್ಕಿದ್ದು ಈ ಮುದುಕಿ.

"ಅವಳ ಪಕ್ಕದಲ್ಲಿ ಕಾವಲು ಕೂರ್ತಿದ್ರಂತಲ್ಲ? ಬಾಯಿ ತೆರೆಯೋಕೆ ಬಿಡ್ಲಿಲ್ಲವಂತಲ್ಲ? ಅವಳ ಮೈಯಲ್ಲಿ ರಕ್ತಾನೇ ಉಳಿದಿಲ್ಲ, ಅಷ್ಟು ಹೋಗ್ತಿತ್ತಮ್ಮ. ಗೊತ್ತಾ ನಿಮಗೆ?"

"ಗೊತ್ತು."

ಗೋಡೆಗೊರಗಿ ನಿಂತಿದ್ದ ಭೀಮರಾಜ್ ತಲೆಯೆತ್ತಿದ.

"ಹೋದ ಬೆಳೆಯಿಂದಾನೂ ಗೊತ್ತು," ಎಂದಳು ಆಂಜಿನಮ್ಮ. "ಬಟ್ಟೆ ಒಗೆಯೋಳು ನಾನಲ್ವಾ? ಅವ್ಳು ನೀರು ಹಾಕಿ ಬಂದ್ಮೇಲೆ ಇನ್ನೊಂದು ಬಿಂದಿಗೆ ಹಾಕಿ ಬರ್ತಿದ್ದೋಳು ನಾನು. ಅವ್ಳಿಗೆ ನಾಚಿಕೆ ಆಗ್ತದೆ ಅಂತ ತಿಳೀದಂಗೇ ಇದ್ದೆ. ನಲವತ್ತು ವರ್ಷ ಹುಳ ಮೇಯ್ಸಿದೀನಿ ಡಾಕ್ಟ್ರಮ್ಮ, ಆ ಬೆಳೆ ಹೋಗಿದ್ದು ಈ ಮಗೂನಿಂದಲ್ಲ. ನನಗೆ ಗೊತ್ತಿದ್ದು ಏನ್ ಬಂತು? ನಮ್ಮ ಯಜಮಾನ್ರಿಗೆ ಗೊತ್ತಾದ್ರೆ ಅವತ್ತೇ ತವರಿಗೆ ಅಟ್ತಿದ್ರು. ಆ ಪರದೆ ಆಚೆ ನಮ್ಮೂರೋರೇ ಕೂತಿರ್ತಾರೆ. ಅವ್ಳು ಬಾಯಿ ತಪ್ಪಿ ಅಂದುಬಿಟ್ರೆ ಅಂತ ಪಕ್ಕದಲ್ಲಿ ಕೂರ್ತಿದ್ದೆ."

"ನಾನೂ ಇಲ್ಲೇ ಹೋಳೂರು ಅನ್ನೋ ಹಳ್ಳಿಯೋಳೇ ಅಮ್ಮ. ನಮ್ಮಜ್ಜೀನೂ ಹುಳ ಸಾಕೋರು, ಮುಟ್ಟಾದಾಗ ನಾನೂ ಹೊಸ್ತಿಲಾಚೆ ನಿಂತಿದೀನಿ." ತ್ರಿವೇಣಿ ಅವಳ ಎದುರು ಕುಕ್ಕರಿಸಿದಳು. "ಒಂದು ಸಲ, ಒಂದೇ ಒಂದು ಸಲ ಗುಟ್ಟಾಗಿ ಡಾಕ್ಟ್ರಿಗೆ ಹೇಳಬಾರದಿತ್ತಾ?"

ಆಂಜಿನಮ್ಮ ಅವಳನ್ನು ಅರ್ಥವಾಗದವಳ ಹಾಗೆ ನೋಡಿದಳು.

"ಯಾಕಮ್ಮ ಹೇಳಬೇಕು? ಆ ಮಿಷನ್ನು ನೋಡ್ತದಲ್ಲ? ಈ ಡಾಕ್ಟ್ರು ಅವ್ಳ ಕೈ ಹಿಡ್ಕೊಂಡು ಅದರಲ್ಲಿ ಒತ್ತಿ ಒತ್ತಿ ನೋಡಿದ್ರು. ನಾವು ಬಾಯಲ್ಲಿ ಇಲ್ಲ ಅಂದ್ರೂ ಒಳಗಿರೋದು ಅದಕ್ಕೆ ಕಾಣ್ತದೆ ಅಂದ್ಕೊಂಡೆ. ಅವ್ಳೂ ಹಂಗೇ ಅಂದ್ಕೊಂಡಿರ್ತಾಳೆ. ಅವತ್ತು ಹಸಿರು ಬಂದ್ಮೇಲೆ ಎಷ್ಟು ದಿನದ್ಮೇಲೆ ನಗ್ತಾ ನಗ್ತಾ ಬಂದ್ಲು ಮಗು, ಬಸ್ಸಲ್ಲಿ. ಎಲ್ಲಾ ನೋಡಿನೇ ಅದು ಭಯ ಇಲ್ಲ ಅಂತು ಅಂತ ನಾನೂ ಮಲ್ಲಿಗೆ ಹೂವ ತಕ್ಕೊಟ್ಟೆ."

ವೈದ್ಯರಿಗೆ ನೀವು ನೋಡಬೇಡಿ, ಆ್ಯಪ್ ನೋಡುತ್ತದೆ ಎಂದು ಊರೂರು ತಿರುಗಿ ಕಲಿಸಿದವಳು ತ್ರಿವೇಣಿ. ಈ ಹೆಂಗಸರಿಗೆ ಯಾರೂ ಏನೂ ಕಲಿಸಿರಲಿಲ್ಲ, ಆದರೂ ಅವರು ಅದೇ ಪಾಠವನ್ನು ಅವಳಿಗಿಂತ ಚೆನ್ನಾಗಿ ಕಲಿತಿದ್ದರು. ಅವಳಿಗೆ ಅಳು ಬಂತು. ಅಳುವ ಹಕ್ಕು ತನಗಿಲ್ಲ ಅನ್ನಿಸಿ ನುಂಗಿಕೊಂಡಳು.

ಆಪರೇಶನ್ ಕೋಣೆಯ ಬಾಗಿಲು ಸಂಜೆಯ ಹೊತ್ತಿಗೆ ತೆರೆಯಿತು. ಶಸ್ತ್ರವೈದ್ಯರು ಹೊರಗೆ ಬಂದು ಮುಖದ ಮಾಸ್ಕ್ ತೆಗೆಯದೆ ತಲೆಯಾಡಿಸಿದರು. ಕೊಳೆ ಹೊಟ್ಟೆಯೆಲ್ಲ ಹರಡಿತ್ತು, ಮೈಯಲ್ಲಿ ರಕ್ತವೇ ಇರಲಿಲ್ಲ, ಹೃದಯ ತಡೆಯಲಿಲ್ಲ. ಬಾಟಲಿ ಹಿಡಿದು ಮೆಟ್ಟಿಲೇರಿ ಬಂದ ಮುನಿಕೃಷ್ಣ ಅದನ್ನು ಯಾರ ಕೈಗೆ ಕೊಡಬೇಕು ಎಂದು ತಿಳಿಯದೆ ಎದೆಗೊತ್ತಿಕೊಂಡು ನಿಂತುಬಿಟ್ಟ.

ಆಂಜಿನಮ್ಮ ಅಳಲಿಲ್ಲ. ನೆಲಕ್ಕೆ ಕೈಯೂರಿ ಎದ್ದು ತ್ರಿವೇಣಿಯ ಹತ್ತಿರ ಬಂದು, ಮಗನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

"ಡಾಕ್ಟ್ರಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಮನೇಲಿ ಕೇಳಿದ್ರೆ ರಕ್ತ ಅನ್ಬೇಡಿ. ಹಾರ್ಟು ಅನ್ನಿ. ಹುಳುಮನೇಲೇ ಬಿದ್ದವಳೆ. ಈಗ ಏನಾದ್ರೂ ಗೊತ್ತಾದ್ರೆ ಸತ್ತೋಳ ಹೆಸರು ಹಿಡಿದು ಬೈತಾರೆ. ಒಳ್ಳೆ ಸೊಸೆ ಅನ್ನಿಸ್ಕೊಂಡೇ ಹೋಗ್ಲಿ."

ಹೇಳಬೇಕಾದ ಮಾತು ತ್ರಿವೇಣಿಯ ಬಾಯಲ್ಲೇ ಇತ್ತು. ಆ ಊರಿನ ಉಳಿದ ಹೆಂಗಸರಿಗಾಗಿಯಾದರೂ ಸತ್ಯ ಹೇಳಲೇಬೇಕಿತ್ತು. ಆದರೆ ಆ ಮುದುಕಿಯ ಒರಟು ಕೈ ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಬಿಡಲೊಲ್ಲದು.

"ಆಯ್ತಮ್ಮ," ಎಂದಳು.

ಅವರು ಹೋದ ಮೇಲೂ ಭೀಮರಾಜ್ ಅಲ್ಲೇ ನಿಂತಿದ್ದ. ಅವನ ಅಂಗಿಯ ತೋಳಿಗೆ ರೇಷ್ಮೆಯ ಒಂದೆಳೆ ಅಂಟಿತ್ತು, ಸ್ಟ್ರೆಚರ್ ಹಿಡಿದಾಗ ಅವಳ ಸೀರೆಯಿಂದ ಬಂದಿರಬೇಕು.

"ಮೇಡಂ, ಒಂದು ಮಾತು."

"ಹೇಳಿ."

"ನನ್ನ ಕ್ಲಿನಿಕ್ಕಿಗೆ ಈ ಕಾಯಿಲೆಗೆ ಬರೋ ಹೆಂಗಸರು ಇನ್ನೂ ಇದಾರೆ. ಇವತ್ತಿನವರೆಗೂ ಒಬ್ಬರೂ ರಕ್ತ ಹೌದು ಅಂದಿಲ್ಲ. ಎಲ್ಲರಿಗೂ ಹಸಿರೇ ಬಂದಿದೆ. ಮಾಲೂರಲ್ಲಿ ನನ್ನ ಸ್ನೇಹಿತ ಇದಾನೆ, ನಿಮ್ಮ ಹತ್ರನೇ ಕಲ್ತಿದ್ದು. ಅವನಿಗೂ ಹಂಗೇ ಅಂತೆ."

ತ್ರಿವೇಣಿ ಅವನ ತೋಳಿನ ಆ ಎಳೆಯನ್ನು ಬಿಡಿಸಿ ಕೈಗೆ ತೆಗೆದುಕೊಂಡಳು.

"ನೀವು ಕಲಿಸಿದ್ದು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ನಾವಿಬ್ರೂ ಖುಷಿಯಾಗಿದ್ವಿ ಮೇಡಂ," ಎಂದ ಭೀಮರಾಜ್.